ಆರು ಸಾಲಿನ ಸುದ್ದಿ

ಜೂನ್ ೧೨

ಅಕ್ಕಾ,

ಶಾಲೆ ಶುರುವಾಗಿ ಹತ್ತು ದಿನವಾಯಿತು. ಈ ವರ್ಷ ಹತ್ತನೇ ತರಗತಿಯ ಭಾಷಾ ಪಾಠವನ್ನು ನನ್ನ ತಲೆಗೆ ಕಟ್ಟಿದ್ದಾರೆ. ಪುಸ್ತಕದಲ್ಲಿ ‘ಮನವೊಲಿಸುವ ಮಾತು’ ಅಂತ ಒಂದು ದೊಡ್ಡ ಪಾಠ ಇದೆ. ಯಾವ ಪದವನ್ನು ಎಲ್ಲಿಟ್ಟರೆ ಕೇಳುವವರ ಮನಸ್ಸು ಯಾವ ಕಡೆ ವಾಲುತ್ತದೆ ಅನ್ನುವುದು ವಿಷಯ. ವಿಷಯ ಚೆನ್ನಾಗಿದೆ. ಆದರೆ ಉದಾಹರಣೆಗಳೆಲ್ಲ ರಾಜರು ಸೈನಿಕರಿಗೆ ಮಾಡಿದ ಭಾಷಣಗಳು. ಎರಡನೇ ದಿನವೇ ಒಬ್ಬ ಕಣ್ಣು ಬಿಟ್ಟುಕೊಂಡೇ ನಿದ್ದೆ ಹೊಡೆದ. ನನಗೂ ಆಕಳಿಕೆ ಬಂತು, ಮುಚ್ಚಿಟ್ಟುಕೊಂಡೆ.

ಮೂರನೇ ದಿನ ಬೆಳಗಿನ ಪೇಪರನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದೆ. ‘ನೀರು ಪೂರೈಕೆಯಲ್ಲಿ ವ್ಯತ್ಯಯ’ ಅನ್ನುವ ತಲೆಬರಹವನ್ನು ಬೋರ್ಡಿನ ಮೇಲೆ ಬರೆದು, “ಇದಕ್ಕೆ ನಿಮ್ಮ ಮನೇಲಿ ಏನಂತಾರೆ?” ಅಂತ ಕೇಳಿದೆ.

“ಮೂರು ದಿನದಿಂದ ನಲ್ಲೀಲಿ ತೊಟ್ಟು ನೀರಿಲ್ಲ ಅಂತಾರೆ ಸರ್.”

“ಅದನ್ನ ಇವರು ಯಾಕೆ ಬರೀಲಿಲ್ಲ?”

ಅಷ್ಟೇ ಸಾಕಾಯಿತು. ಇಡೀ ತರಗತಿ ಎದ್ದು ಕೂತಿತು. ಮಾರನೇ ದಿನ ‘ಮರಗಳನ್ನು ತೆರವುಗೊಳಿಸಲಾಯಿತು’ ಅನ್ನುವ ವಾಕ್ಯ ತೆಗೆದುಕೊಂಡೆವು. ಕಡಿದವರು ಯಾರು? ವಾಕ್ಯದಲ್ಲಿ ಎಲ್ಲೂ ಇಲ್ಲ. ಕರ್ಮಣಿ ಪ್ರಯೋಗದ ಮಹಿಮೆ ಇದು ಅಂದೆ. ಅದರ ಮಾರನೇ ದಿನ ಒಬ್ಬಳು ಎದ್ದು ನಿಂತು, “ಸರ್, ಮನೆಪಾಠ ಮರೆಯಲ್ಪಟ್ಟಿದೆ. ಯಾರಿಂದ ಅನ್ನೋದು ತನಿಖೆಯಲ್ಲಿದೆ” ಅಂದಳು. ಬೈಯುವುದಕ್ಕೂ ಆಗಲಿಲ್ಲ, ಅಷ್ಟು ನಗು ಬಂತು. ಎಲ್ಲದಕ್ಕೂ ವಾದ ಹೂಡುವ ಅವಳನ್ನು ತರಗತಿಯವರು ಲಾಯರಮ್ಮ ಅಂತ ಕರೆಯುತ್ತಾರೆ.

ನಿನ್ನಿಂದ ಒಂದು ಉಪಕಾರ ಆಗಬೇಕು. ಇಪ್ಪತ್ತು ವರ್ಷದಿಂದ ಸುದ್ದಿ ತಿದ್ದುತ್ತಾ ಕೂತವಳು ನೀನು. ನಮ್ಮ ಊರಿನ ಪುಟವೂ ನಿನ್ನ ಮೇಜಿನಿಂದಲೇ ಹೋಗುತ್ತದೆ. ಪಾಠಕ್ಕೆ ಆಗುವಂಥ ಸುದ್ದಿಗಳನ್ನು ಕತ್ತರಿಸಿ ಕಳಿಸು. ಕೆಟ್ಟದ್ದೂ ಇರಲಿ, ಒಳ್ಳೆಯದೂ ಇರಲಿ. ಬೇಗ ಕಳಿಸು ಮಾರಾಯ್ತಿ. ನನಗೆ ಈಗ ಒಂದು ಕಡೆ ಕೂರುವುದಕ್ಕೆ ಆಗುತ್ತಿಲ್ಲ.

ನಿನ್ನ ತಮ್ಮ

ಜೂನ್ ೨೦

ತಮ್ಮಾ,

ಇಪ್ಪತ್ತಮೂರು ತುಣುಕು ಕಳಿಸಿದ್ದೇನೆ. ಹಿಂದೆ ಪೆನ್ಸಿಲಿನಲ್ಲಿ ನಂಬರು ಹಾಕಿದ್ದೇನೆ, ಕಳೆಯಬೇಡ. ಒಂದರಿಂದ ಹದಿನಾರರವರೆಗೆ ಬಣ್ಣ ಬಳಿದಂಥವು. ‘ಸಂಭ್ರಮ ಮುಗಿಲು ಮುಟ್ಟಿತು’, ‘ಸಾರ್ವಜನಿಕರು ಆಗ್ರಹಿಸಿದ್ದಾರೆ’ (ಎಷ್ಟು ಜನ ಅಂತ ಕೇಳಬೇಡ, ಇಬ್ಬರಿದ್ದರೂ ನಮಗೆ ಅವರು ಸಾರ್ವಜನಿಕರೇ), ಇಂಥವೇ. ಉಳಿದವು ಸುಮಾರು.

ಇಪ್ಪತ್ತಮೂರನೆಯದನ್ನು ಮಾತ್ರ ಗಮನವಿಟ್ಟು ನೋಡು. ಮೇ ಕೊನೆಯ ವಾರದ್ದು, ನಿಮ್ಮ ಊರಿನದೇ. ಆರೇ ಸಾಲು, ಒಂದು ಪದ ಹೆಚ್ಚಿಲ್ಲ. ಸುದ್ದಿ ಅಂದರೆ ಹೀಗಿರಬೇಕು ಅಂತ ಮಕ್ಕಳಿಗೆ ತೋರಿಸಬಹುದು.

ಇಲ್ಲಿ ನನ್ನ ಪಾಡು ಗೊತ್ತಲ್ಲ. ಊರೂರಿನ ಸಣ್ಣ ಸುದ್ದಿಗಳ ಪುಟ. ಸಂಜೆ ಐದಕ್ಕೆ ಮುಗಿಸಬೇಕು. ನಾಲ್ಕೂವರೆಗೆ ಜಾಹೀರಾತಿನವರು ಬಂದು ಇನ್ನೊಂದು ಚೌಕ ಬೇಕು ಅನ್ನುತ್ತಾರೆ. ಆಗ ನಾವು ಸುದ್ದಿಯ ಬುಡ ಕತ್ತರಿಸುತ್ತೇವೆ. ಕೈ ತಾನಾಗಿಯೇ ಓಡುತ್ತದೆ, ತರಕಾರಿ ಹೆಚ್ಚುವವರ ಹಾಗೆ.

ಮಕ್ಕಳಿಗೆ ತಪ್ಪು ಹುಡುಕುವುದನ್ನಷ್ಟೇ ಕಲಿಸಬೇಡ. ಬರೆಯುವುದೂ ಕಷ್ಟದ ಕೆಲಸವೇ.

ಅಕ್ಕ

ಜುಲೈ ೩

ಅಕ್ಕಾ,

ಒಂದರಿಂದ ಹದಿನಾರು ಭರ್ಜರಿಯಾಗಿ ನಡೆದವು. ‘ಸಾರ್ವಜನಿಕರು’ ಅಂದರೆ ಇಬ್ಬರು ಅಂತ ನೀನು ಬರೆದದ್ದನ್ನು ಹೇಳಿದ್ದಕ್ಕೆ, ಈಗ ಇಬ್ಬಿಬ್ಬರು ಸೇರಿಕೊಂಡು ಬಂದು “ಸಾರ್ವಜನಿಕರು ಆಟಕ್ಕೆ ಬಿಡಬೇಕೆಂದು ಆಗ್ರಹಿಸಿದ್ದಾರೆ ಸರ್” ಅನ್ನುತ್ತಾರೆ.

ಇಪ್ಪತ್ತಮೂರನೆಯದನ್ನು ಮೊನ್ನೆ ತೆಗೆದುಕೊಂಡೆ. ಬೋರ್ಡಿನ ಮೇಲೆ ಪೂರ್ತಿ ಬರೆದೆ: ‘ಇಲ್ಲಿನ ಲಾಂಡ್ರಿಯೊಂದರಲ್ಲಿ ಮಂಗಳವಾರ ಎಚ್ಚರ ತಪ್ಪಿದ ಕಾರ್ಮಿಕ ಮಹಿಳೆಯೊಬ್ಬರ ಬಲಗೈ ಇಸ್ತ್ರಿ ಯಂತ್ರಕ್ಕೆ ಸಿಲುಕಿ ತೀವ್ರ ಗಾಯಗಳಾಗಿವೆ. ಅವರನ್ನು ಆಸ್ಪತ್ರೆಗೆ ದಾಖಲಿಸಲಾಗಿದೆ.’ ಅದರ ಬಗ್ಗೆ ಚರ್ಚೆ ನಡೆಯುತ್ತಿತ್ತು. ಲಾಯರಮ್ಮ ಎದ್ದು ನಿಂತಳು. ದನಿ ಎಂದಿನ ಹಾಗಿರಲಿಲ್ಲ.

“ಸರ್, ‘ಎಚ್ಚರ ತಪ್ಪಿದ’ ಅಂದ್ರೆ ತಪ್ಪು ಅವರದೇ ಅಂತ. ಹಾಗಂತ ಹೇಳ್ತಿರೋದು ಯಾರು?”

“ಪತ್ರಿಕೆ.”

“ಪತ್ರಿಕೆಯೋರು ಅಲ್ಲಿದ್ರಾ?”

ಅವಳು, “ಅದು ನಮ್ಮಮ್ಮ ಸರ್” ಅಂದು ಕೂತಳು. ಮೂವತ್ತೆಂಟು ಮಕ್ಕಳ ತರಗತಿ ಇಡೀ ಅವಳ ಕಡೆ ತಿರುಗಿತು.

ನನಗೆ ಗೊತ್ತಿರಲಿಲ್ಲ. ತಿಂಗಳಿಂದ ಅವಳು ಬೆಳಗ್ಗೆ ಆಸ್ಪತ್ರೆಗೆ ಹೋಗಿ ಅಲ್ಲಿಂದ ಶಾಲೆಗೆ ಬರುತ್ತಿದ್ದಳಂತೆ. ಮನೆಯಲ್ಲಿ ಇವಳು, ಇವಳ ಅಮ್ಮ, ಇಬ್ಬರೇ. ಆಸ್ಪತ್ರೆ ಮತ್ತು ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ ಅದು. ಎರಡು ಬಿಸಿ ಉರುಳೆಗಳ ನಡುವೆ ಒದ್ದೆ ಹೊದಿಕೆ ತೂರಿಸುವುದು ಅಮ್ಮನ ಕೆಲಸ. ಉರುಳೆಯ ಮುಂದೆ ಒಂದು ತಡೆಪಟ್ಟಿ ಇರುತ್ತದಂತೆ, ಕೈ ತಾಗಿದರೆ ಯಂತ್ರ ತಾನೇ ನಿಲ್ಲುತ್ತದೆ. ದಪ್ಪ ಟವೆಲ್ ತಾಗಿದರೂ ನಿಲ್ಲುತ್ತದೆ, ಕೆಲಸ ತಡವಾಗುತ್ತದೆ ಅಂತ ಆ ಪಟ್ಟಿಯನ್ನು ಮೂರು ವಾರದಿಂದ ತಂತಿಯಲ್ಲಿ ಮೇಲಕ್ಕೆ ಕಟ್ಟಿಟ್ಟಿದ್ದರು. ಹುಡುಗಿ ಹೇಳಿದ್ದು ಇಷ್ಟು.

ಅಕ್ಕಾ, ಆ ಆರು ಸಾಲು ಬರೆದವರು ಯಾರು? ನಿನಗೆ ಗೊತ್ತಿರಬೇಕು.

ನಿನ್ನ ತಮ್ಮ

ಜುಲೈ ೧೪

ತಮ್ಮಾ,

ಕೆಲಸ ಜಾಸ್ತಿ, ಉತ್ತರ ತಡವಾಯಿತು.

ಯಾರು ಬರೆದದ್ದೋ ಹೇಳುವುದು ಕಷ್ಟ. ದಿನಕ್ಕೆ ನಲವತ್ತು ಸುದ್ದಿ ಬರುತ್ತವೆ, ಐದಾರು ಕೈ ದಾಟುತ್ತವೆ. ಯಾರೂ ಬೇಕು ಅಂತ ಮಾಡಿರುವುದಿಲ್ಲ. ಆ ಮಗುವಿಗೆ ಸಮಾಧಾನ ಹೇಳು. ಆ ತುಣುಕನ್ನು ತರಗತಿಗೆ ಮತ್ತೆ ತರಬೇಡ. ಕೆಲವು ದಿನ ಪುಸ್ತಕದ ಪಾಠವನ್ನೇ ಮಾಡಿದರೆ ಏನು ಮುಳುಗಿಹೋಗುತ್ತದೆ?

ಸರಿಯಾಗಿ ಊಟ ಮಾಡು. ಮೊನ್ನೆಯ ನಿನ್ನ ಕಾಗದದ ಅಕ್ಷರ ಕಾಗೆ ಕಾಲಿನ ಹಾಗಿತ್ತು.

ಅಕ್ಕ

ಜುಲೈ ೨೫

ಅಕ್ಕಾ,

ಪುಸ್ತಕದ ಪಾಠಕ್ಕೆ ಹೋಗಲಿಲ್ಲ. ಹೋಗುವುದಕ್ಕೆ ಮಕ್ಕಳು ಬಿಡಲಿಲ್ಲ.

ಸೋಮವಾರ ನಾನು ಒಳಗೆ ಬರುವ ಮೊದಲೇ ಬೋರ್ಡಿನ ಮೇಲೆ ಆ ಸುದ್ದಿ ಬರೆದಿತ್ತು. ಲಾಯರಮ್ಮನೇ ಬರೆದಿದ್ದಳು. “ಸರ್, ಮನವೊಲಿಸೋ ಮಾತು ಕಲಿಸ್ತೀನಿ ಅಂದ್ರಿ. ಈಗ ಪತ್ರಿಕೆಯೋರ ಮನ ಒಲಿಸೋಣ” ಅಂದಳು. ನಾಲ್ಕು ಪಿರಿಯಡ್ಡು ಹಿಡಿಯಿತು. ಮೊದಲ ಕರಡಿನಲ್ಲಿ ‘ಕ್ರೂರ’, ‘ಅಮಾನುಷ’, ‘ರಕ್ತ ಕುದಿಯುತ್ತಿದೆ’ ಎಲ್ಲ ಇತ್ತು. ಒಂದೊಂದೇ ಪದ ಹಿಡಿದು ಜಗಳವಾಡಿದರು. “ನಮ್ಮ ರಕ್ತ ಕುದಿದ್ರೆ ಅವರಿಗೇನು? ಪಟ್ಟಿ ಕಟ್ಟಿದ್ದು ಹೇಳು” ಅಂತ ಹುಡುಗಿಯೇ ಎಲ್ಲ ಹೊಡೆದುಹಾಕಿದಳು. ಕೊನೆಗೆ ಉಳಿದದ್ದು ಇದು:

‘ಮಾನ್ಯರೆ, ನಿಮ್ಮ ಸುದ್ದಿಯಲ್ಲಿ ಎಚ್ಚರ ತಪ್ಪಿದವರು ಯಾರು ಎಂದು ಬರೆದಿದ್ದೀರಿ. ಹಾಗೆಂದು ನಿಮಗೆ ಹೇಳಿದವರು ಯಾರು ಎಂದು ಬರೆದಿಲ್ಲ. ಯಂತ್ರದ ತಡೆಪಟ್ಟಿಯನ್ನು ತಂತಿಯಿಂದ ಕಟ್ಟಲಾಗಿತ್ತು. ಕಟ್ಟಿದವರನ್ನು ಕೇಳಿದ್ದೀರಾ? ಗಾಯಗೊಂಡವರನ್ನು ಕೇಳಿದ್ದೀರಾ? ಕೇಳಿಲ್ಲವಾದರೆ ಈಗ ಕೇಳಿ. ಅವರು ಮಾತಾಡುತ್ತಾರೆ.’

ಕೆಳಗೆ ಮೂವತ್ತೆಂಟು ಸಹಿ. ನಾನಿಷ್ಟು ವರ್ಷ ಪಾಠ ಮಾಡಿ ಇಂಥ ಏಳು ವಾಕ್ಯ ಬರೆಸಿರಲಿಲ್ಲ ಅಕ್ಕಾ. ನಿನ್ನೆ ಪೋಸ್ಟ್ ಮಾಡಿದೆವು. ನಿಮ್ಮ ಆಫೀಸಿಗೆ ಬಂದಾಗ ಸರಿಯಾದವರ ಕೈ ಸೇರುವ ಹಾಗೆ ನೋಡಿಕೋ. ನಾನು ಮೊದಲ ಬಾರಿ ನಿನ್ನ ಪ್ರಭಾವ ಬಳಸುತ್ತಿದ್ದೇನೆ, ಬೇಡ ಅನ್ನಬೇಡ.

ನಿನ್ನ ತಮ್ಮ

ಆಗಸ್ಟ್ ೯

ಅಕ್ಕಾ,

ಹದಿನೈದು ದಿನವಾಯಿತು. ಮಕ್ಕಳ ಪತ್ರ ಅಚ್ಚಾಗಲಿಲ್ಲ, ನಿನ್ನಿಂದ ಒಂದು ಸಾಲೂ ಇಲ್ಲ. ದಿನಾ ಬೆಳಗ್ಗೆ ಮೂವತ್ತೆಂಟು ಜನ ನನ್ನ ಕಂಕುಳಿನ ಪೇಪರನ್ನೇ ನೋಡುತ್ತಾರೆ. “ಇಲ್ಲ” ಅಂತ ತಲೆ ಆಡಿಸಿ ಆಡಿಸಿ ನನಗೆ ಕುತ್ತಿಗೆ ನೋವು ಬಂದಿದೆ.

ಈಗ ಮೂವತ್ತೇಳು. ಲಾಯರಮ್ಮ ಬರುತ್ತಿಲ್ಲ.

ಕಳೆದ ವಾರ ಅವಳ ಮನೆ ಹುಡುಕಿಕೊಂಡು ಹೋದೆ. ಬಸ್ ಡಿಪೋ ಹಿಂದೆ ಮೂರನೇ ಮಹಡಿಯಲ್ಲಿ ಒಂದು ಕೋಣೆ. ಅಮ್ಮ ಬಲಗೈಯನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದರು. ನನ್ನನ್ನು ಕಂಡು ಏಳಲು ಹೋದರು, ಬೇಡ ಅಂದೆ. ಹುಡುಗಿ ಎಲ್ಲಿ ಅಂತ ಕೇಳಿದರೆ, ಅದೇ ಲಾಂಡ್ರಿಗೆ ಹೋಗಿದ್ದಾಳೆ. ಹೊದಿಕೆ ಮಡಚುವ ಕೆಲಸ. ಅಮ್ಮನ ಜಾಗ ಬೇರೆಯವರಿಗೆ ಹೋಗಬಾರದಲ್ಲ ಅಂತ ಮ್ಯಾನೇಜರೇ ‘ದಯಮಾಡಿ’ ಕರೆದದ್ದಂತೆ.

ಕೈಗೆ ಇನ್ನೂ ಎರಡು ಆಪರೇಷನ್ ಆಗಬೇಕು. ಅದರ ಹೊಣೆ ನಮ್ಮದಲ್ಲ ಅಂತ ಲಾಂಡ್ರಿಯವರು ಕಾರ್ಮಿಕ ಕಚೇರಿಗೆ ಬರೆದುಕೊಟ್ಟಿದ್ದಾರೆ. ಕಾರಣ? ಆಕೆಯದೇ ಅಜಾಗರೂಕತೆ. ಆಧಾರ? ನಿಮ್ಮ ಪತ್ರಿಕೆಯ ಆರು ಸಾಲು. ಪ್ಲಾಸ್ಟಿಕ್ ಹಾಳೆಯೊಳಗೆ ಇಟ್ಟು ಲಗತ್ತಿಸಿದ್ದಾರೆ. ಸೆಪ್ಟೆಂಬರ್ ೪ಕ್ಕೆ ವಿಚಾರಣೆ. ಜೊತೆ ಕೆಲಸ ಮಾಡುವವರು ಬಾಯಿ ಬಿಡುತ್ತಿಲ್ಲ.

ಅಷ್ಟೇ ಅಲ್ಲ. ನಮ್ಮ ಮುಖ್ಯೋಪಾಧ್ಯಾಯಿನಿ ದೊಡ್ಡ ಮೇಡಂ ನನ್ನನ್ನು ಕರೆಸಿದರು. ಆ ಮ್ಯಾನೇಜರ್ ಶಾಲಾ ಸಮಿತಿಯಲ್ಲಿದ್ದಾರೆ. “ಪೇಪರ್ ಓದಿಸೋದು ನಿಲ್ಲಿಸಿ. ಪರೀಕ್ಷೇಲಿ ಲಾಂಡ್ರಿ ಬಗ್ಗೆ ಪ್ರಶ್ನೆ ಬರಲ್ಲ” ಅಂದರು. ಮೇಜಿನ ಮೇಲಿದ್ದ ನಿನ್ನ ಇಪ್ಪತ್ತಮೂರು ತುಣುಕನ್ನೂ ತೆಗೆದು ಬೀರುವಿನಲ್ಲಿಟ್ಟು ಬೀಗ ಹಾಕಿದರು.

ನಿನ್ನನ್ನು ಒಂದೇ ಒಂದು ಕೆಲಸ ಕೇಳಿದ್ದೆ. ನಿನಗೆ ಕುರ್ಚಿ ದೊಡ್ಡದಾಯಿತು. ಇರಲಿ ಬಿಡು. ಇಪ್ಪತ್ತು ವರ್ಷದಲ್ಲಿ ಸುದ್ದಿಯ ಬುಡ ಕತ್ತರಿಸಿ ಕತ್ತರಿಸಿ ಮನುಷ್ಯರೂ ನಿನಗೆ ಸಾಲುಗಳ ಹಾಗೆ ಕಾಣುತ್ತಿರಬೇಕು.

ತಮ್ಮ

ಆಗಸ್ಟ್ ೧೬

ತಮ್ಮಾ,

ನಿನ್ನ ಕಾಗದ ಬಂದು ಮೂರು ದಿನವಾಯಿತು. ಈ ಉತ್ತರವನ್ನು ನಾಲ್ಕು ಸಲ ಶುರು ಮಾಡಿ ಹರಿದಿದ್ದೇನೆ. ಆಫೀಸಿನಲ್ಲಿ ಬರೆಯಲಾಗದೆ ಬಾಲ್ಕನಿಯಲ್ಲಿ ನಿಂತು, ಬಟ್ಟೆ ಒಣಗಿಸುವ ಕಂಬಿಯ ಪಕ್ಕದ ಕಟ್ಟೆಯ ಮೇಲೆ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಕೂತರೆ ಮತ್ತೆ ಹರಿದುಬಿಡುತ್ತೇನೆ ಅನ್ನುವ ಭಯ.

ಆ ಆರು ಸಾಲು ನನ್ನದು.

ನಿಮ್ಮ ಊರಿನ ವರದಿಗಾರ ಕಳಿಸಿದ್ದು ಒಂಬತ್ತು ಸಾಲು. ಅದರ ಕೊನೆಯ ಎರಡು ವಾಕ್ಯ ಹೀಗಿದ್ದವು: ‘ಕಾರ್ಮಿಕಳು ಎಚ್ಚರ ತಪ್ಪಿದ್ದೇ ಇದಕ್ಕೆ ಕಾರಣ ಎಂದು ಲಾಂಡ್ರಿಯ ಮ್ಯಾನೇಜರ್ ಹೇಳಿದರು. ಯಂತ್ರದ ತಡೆಪಟ್ಟಿಯನ್ನು ಮೂರು ವಾರಗಳಿಂದ ತಂತಿಯಿಂದ ಕಟ್ಟಿಡಲಾಗಿತ್ತು ಎಂದು ಸಹೋದ್ಯೋಗಿಗಳು ತಿಳಿಸಿದರು.’ ಆ ವರದಿಗಾರ ಹುಡುಗ ಎರಡೂ ಕಡೆಯವರನ್ನು ಕೇಳಿದ್ದ. ಕೆಲಸ ಸರಿಯಾಗಿ ಮಾಡಿದ್ದ.

ನಾಲ್ಕೂವರೆಗೆ ಒಂದು ಜಾಹೀರಾತು ಬಂತು, ಮೂರು ಸಾಲಿನ ಜಾಗ ಬೇಕಿತ್ತು. ನಾನು ಬುಡ ಕತ್ತರಿಸಿದೆ, ಸಹೋದ್ಯೋಗಿಗಳು ಹೋದರು. ಇನ್ನೂ ಒಂದು ಸಾಲು ಕಡಿಮೆ ಮಾಡಬೇಕಿತ್ತು. ‘ಎಂದು ಮ್ಯಾನೇಜರ್ ಹೇಳಿದರು’ ಅನ್ನುವುದನ್ನು ತೆಗೆದು, ‘ಎಚ್ಚರ ತಪ್ಪಿದ’ ಅನ್ನುವುದನ್ನು ಮುಂದಕ್ಕೆ ತಂದು ಜೋಡಿಸಿದೆ. ಅಂದವಾಗಿ ಕೂತಿತು. ಒಂದು ‘ಎಂದು’ ಹೋದರೆ ಯಾರದೋ ಮಾತು ಊರಿನ ಸತ್ಯವಾಗುತ್ತದೆ ಅಂತ ಹೊಸಬರಿಗೆ ಪಾಠ ಹೇಳಿಕೊಡುವವಳೇ ನಾನು. ಎರಡು ನಿಮಿಷದ ಕೆಲಸ. ಆಮೇಲೆ ಟೀ ಕುಡಿದೆ.

ಅಷ್ಟೇ ಆಗಿದ್ದರೆ ಅವಸರದ ತಪ್ಪು ಅನ್ನಬಹುದಿತ್ತು. ಅದನ್ನೇ ಆರಿಸಿ ನಿನಗೆ ಕಳಿಸಿದೆ. ಯಾರು ಬರೆದದ್ದು ಅಂತ ಗೊತ್ತಿಲ್ಲದೆ ನೀನು ಮೆಚ್ಚಿ ಬರೆಯುತ್ತೀಯ, ಆಮೇಲೆ ‘ಅದು ನಂದೇ ಕಣೋ’ ಅಂತ ಹೇಳಬಹುದು ಅನ್ನುವ ಆಸೆ. ಐವತ್ತರ ಹತ್ತಿರ ಬಂದ ಹೆಂಗಸಿನ ಆಸೆ ಇಷ್ಟು ಸಣ್ಣದು. ನಿನ್ನ ಜುಲೈ ಕಾಗದ ಓದಿದಾಗ ನೆತ್ತಿಯ ಮೇಲೆ ಯಾರೋ ಕುಟ್ಟಿದ ಹಾಗಾಯಿತು. ನನ್ನ ಉತ್ತರದಲ್ಲಿ ‘ಹೇಳುವುದು ಕಷ್ಟ’ ಅಂತ ಬರೆದೆನಲ್ಲ, ಅದೊಂದೇ ಅದರಲ್ಲಿ ನಿಜ.

ಇನ್ನೂ ಇದೆ. ಮಕ್ಕಳ ಪತ್ರ ಜುಲೈ ೨೮ಕ್ಕೇ ಬಂತು. ನನ್ನ ಪುಟದ ಬಗ್ಗೆ ಬರುವ ಪತ್ರಗಳು ನನ್ನ ಟ್ರೇಗೇ ಬೀಳುತ್ತವೆ. ಓದಿ ಡ್ರಾಯರಿನಲ್ಲಿಟ್ಟೆ. ನಾಳೆ ಕೊಡೋಣ, ನಾಳೆ ಕೊಡೋಣ ಅಂತ ದಿನಕ್ಕೆ ಹತ್ತು ಸಲ ಆ ಡ್ರಾಯರ್ ಎಳೆದು ಮುಚ್ಚಿದ್ದೇನೆ. ಪಕ್ಕದ ಮೇಜಿನವರು ಏನು ಕಳೆದುಹೋಗಿದೆ ಅಂತ ಕೇಳಿದರು.

ಮೊನ್ನೆ ಅದನ್ನು ಸಂಪಾದಕರ ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ. ಈ ಲಕೋಟೆಯಲ್ಲಿ ವರದಿಗಾರ ಕಳಿಸಿದ ಒಂಬತ್ತು ಸಾಲಿನ ಮೂಲ ಪ್ರತಿ ಇದೆ, ಬಂದ ದಿನ, ಹೊತ್ತು ಸಮೇತ. ಆ ತಾಯಿಗೆ ಕೊಡು. ನನ್ನ ಹೆಸರು ಹೇಳು. ಮುಚ್ಚಿಡಬೇಡ.

ಅಕ್ಕ

ಆಗಸ್ಟ್ ೨೭

ಅಕ್ಕಾ,

ಉತ್ತರ ಬರೆಯಬಾರದು ಅಂದುಕೊಂಡಿದ್ದೆ. ಒಂದು ವಾರ ಶಾಲೆಯಿಂದ ಮನೆಗೆ ನೇರ ಬರಲೇ ಇಲ್ಲ, ಸುಮ್ಮನೆ ಬೀದಿ ಸುತ್ತಿದೆ. ನಿನ್ನ ಮೇಲಿನ ಸಿಟ್ಟಿಗೆ ಚಪ್ಪಲಿ ಸವೆಯಿತು. ಆದರೆ ಸುತ್ತುತ್ತಾ ಸುತ್ತುತ್ತಾ ನಾನು ನಿನಗೆ ಹೇಳದೆ ಬಿಟ್ಟದ್ದು ಎದುರಿಗೆ ಬಂದು ನಿಂತಿತು.

‘ಅದರ ಬಗ್ಗೆ ಚರ್ಚೆ ನಡೆಯುತ್ತಿತ್ತು’ ಅಂತ ಜುಲೈನಲ್ಲಿ ಬರೆದಿದ್ದೆ. ನೋಡು, ನಡೆಸುತ್ತಿದ್ದವನು ಯಾರು ಅಂತ ವಾಕ್ಯದಲ್ಲಿ ಇಲ್ಲ. ನಾನು ಆ ಸುದ್ದಿಯನ್ನು ಹೊಗಳುತ್ತಿದ್ದೆ. “ಮಕ್ಕಳೇ, ಇದರಲ್ಲಿ ಯಾವ ಬಣ್ಣವೂ ಇಲ್ಲ, ಯಾರ ಕಡೆಗೂ ವಾಲಿಲ್ಲ, ಶುದ್ಧ ಸುದ್ದಿ ಅಂದ್ರೆ ಇದು” ಅಂದಿದ್ದೆ. ಅವಳ ಅಮ್ಮ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಅವಳ ಎದುರಿಗೆ, ಸೀಮೆಸುಣ್ಣದಲ್ಲಿ ಅದರ ಕೆಳಗೆ ಗೆರೆ ಎಳೆದು ‘ಮಾದರಿ’ ಅಂತ ಬರೆದಿದ್ದೆ. ಅದಕ್ಕೇ ಅವಳು ಎದ್ದು ನಿಂತದ್ದು. ನೀನು ಕತ್ತರಿಸಿದ್ದನ್ನು ನಾನು ಮೂವತ್ತೆಂಟು ಜನರಿಗೆ ಹಂಚಿದೆ. ನೀನು ಹೇಳಿದೆ ಅಂತ ಒಂದು ಸಲವೂ ಅನುಮಾನ ಪಡದೆ.

ಮೊನ್ನೆ ಭಾನುವಾರ ಅವರ ಮನೆಗೆ ಹೋದೆ. ಲಾಯರಮ್ಮನೂ ಇದ್ದಳು. ಬೆರಳ ತುದಿಯೆಲ್ಲ ಸಿಪ್ಪೆ ಎದ್ದಿತ್ತು, ಬಿಸಿ ಬಟ್ಟೆ ಮಡಚಿ. ಒಂಬತ್ತು ಸಾಲನ್ನು ಅವಳೇ ಓದಿದಳು. ಎರಡನೇ ಸಲ ಜೋರಾಗಿ ಓದಿದಳು, ಅಮ್ಮನಿಗೆ ಕೇಳುವ ಹಾಗೆ. ಕತ್ತರಿಸಿದವರು ನನ್ನ ಅಕ್ಕ ಅಂತ ಹೇಳಿದೆ.

“ನಿಮ್ಮ ಸ್ವಂತ ಅಕ್ಕನಾ?”

“ಹೌದು.”

“ಮೊದ್ಲೇ ಗೊತ್ತಿತ್ತಾ ಸರ್?”

“ಇಲ್ಲ. ಗೊತ್ತಾಗಿ ಒಂದು ವಾರ ಆಯ್ತು.”

“ಒಂದು ವಾರ ಏನ್ ಮಾಡ್ತಿದ್ರಿ?”

ಅವಳು ಕಿಟಕಿಯ ಕಡೆ ತಿರುಗಿ ನಿಂತಳು, ನಾನು ಹೊರಡುವವರೆಗೂ ಈ ಕಡೆ ನೋಡಲಿಲ್ಲ. ಅಮ್ಮ ಮಾತ್ರ ಬಹಳ ಹೊತ್ತು ಆ ಹಾಳೆಯನ್ನೇ ನೋಡಿ, “ಕಾಗದ ಸಾಕಾಗಲ್ಲ ಸರ್. ಇದನ್ನೂ ಯಾರೋ ಕಂಪ್ಯೂಟರಲ್ಲಿ ಹುಟ್ಟಿಸಿದ್ದು ಅಂತಾರೆ. ಕತ್ತರಿಸಿದವರು ಬಂದು ಬಾಯಲ್ಲಿ ಹೇಳ್ಲಿ” ಅಂದರು.

ಸೆಪ್ಟೆಂಬರ್ ೪, ಬೆಳಗ್ಗೆ ಹನ್ನೊಂದು. ಬರುತ್ತೀಯಾ ಅಂತ ನಾನು ಕೇಳುವುದಿಲ್ಲ. ಕೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ ಗೊತ್ತಿಲ್ಲ.

ತಮ್ಮ

ಆಗಸ್ಟ್ ೩೧

ತಮ್ಮಾ,

ಬರುತ್ತೇನೆ.

ಸಂಪಾದಕರು ಬೇಡ ಅಂದರು. ತಿದ್ದುಪಡಿ ಹಾಕಿದ್ದೇವಲ್ಲ, ಅಷ್ಟು ಸಾಕು, ಪತ್ರಿಕೆಯವರು ಸಾಕ್ಷಿಕಟ್ಟೆ ಹತ್ತಬಾರದು ಅಂದರು. ಹಾಗಾದರೆ ರಜೆ ಹಾಕಿ ನನ್ನ ಪಾಡಿಗೆ ಹೋಗುತ್ತೇನೆ ಅಂದೆ. ತಿದ್ದುಪಡಿ ಏಳನೇ ಪುಟದಲ್ಲಿದೆ, ನಾಲ್ಕು ಸಾಲು. ಕಣ್ಣಿಗೆ ಬೀಳದಿದ್ದರೆ ಆಶ್ಚರ್ಯವಿಲ್ಲ.

ಒಂದು ಬ್ಯಾಗಿಗೆ ಎರಡು ಸಲ ಬಟ್ಟೆ ತುಂಬಿ ಎರಡು ಸಲ ತೆಗೆದಿದ್ದೇನೆ. ಒಂದು ದಿನದ ಪ್ರಯಾಣಕ್ಕೆ ಬಟ್ಟೆ ಯಾಕೆ ಅಂತ ಆಮೇಲೆ ಹೊಳೆಯಿತು.

ಅಕ್ಕ

ಸೆಪ್ಟೆಂಬರ್ ೭

ತಮ್ಮಾ,

ನಿನ್ನನ್ನು ನೋಡದೆ ಬಂದದ್ದಕ್ಕೆ ಬೈದುಕೊಂಡಿರುತ್ತೀಯ. ದೊಡ್ಡ ಮೇಡಂ ನಿನಗೆ ರಜೆ ಕೊಡಲಿಲ್ಲ ಅಂತ ಹುಡುಗಿ ಹೇಳಿದಳು. ಸಂಜೆ ನಾಲ್ಕಕ್ಕೆ ಶಾಲೆ ಬಿಡುತ್ತದೆ ಅನ್ನುವುದು ಗೊತ್ತಿತ್ತು. ಶಾಲೆಯ ಗೇಟಿನವರೆಗೂ ಬಂದಿದ್ದೆ. ಎದುರಿನ ಅಂಗಡಿಯಲ್ಲಿ ಒಂದು ಪೆನ್ನು ಕೊಂಡು ಬಸ್ಸಿಗೆ ಹೋದೆ. ಅವತ್ತು ನಿನ್ನ ಮುಖ ನೋಡುವ ಶಕ್ತಿ ಉಳಿದಿರಲಿಲ್ಲ ಕಣೋ.

ನಡೆದದ್ದನ್ನು ಹೇಳುತ್ತೇನೆ. ಕಾರ್ಮಿಕ ಕಚೇರಿಯ ಕೋಣೆ ಸಣ್ಣದು. ಕಡತದ ರಾಶಿ ಹಾರದಿರಲಿ ಅಂತ ಫ್ಯಾನ್ ಹಾಕಿರಲಿಲ್ಲ. ಎಲ್ಲರೂ ಬೆವರುತ್ತಿದ್ದೆವು. ಲಾಂಡ್ರಿಯ ವಕೀಲರು ಪ್ಲಾಸ್ಟಿಕ್ ಹಾಳೆಯೊಳಗಿನ ಆರು ಸಾಲನ್ನು ಎತ್ತಿ ಹಿಡಿದು ಗಟ್ಟಿಯಾಗಿ ಓದಿದರು. ನನ್ನ ಬರಹವನ್ನು ಯಾರಾದರೂ ಅಷ್ಟು ಗೌರವದಿಂದ ಓದಿದ್ದು ಅದೇ ಮೊದಲು.

ಅಧಿಕಾರಿ ಕೇಳಿದರು: “‘ಎಚ್ಚರ ತಪ್ಪಿದ’ ಅನ್ನೋದು ನಿಮ್ಮ ಮಾತಾ?”

“ಮ್ಯಾನೇಜರ್ ಅವರ ಮಾತು ಸರ್. ಅವರ ಹೆಸರು ತೆಗೆದು ಪತ್ರಿಕೆಯ ಮಾತು ಮಾಡಿದ್ದು ನಾನು.”

ವಕೀಲರು ನಕ್ಕರು. “ಮೂರು ತಿಂಗಳಾದ ಮೇಲೆ ಜ್ಞಾನೋದಯ ಆಯ್ತಾ ಮೇಡಂ?”

“ಹೌದು. ಇನ್ನೂ ಮುಂಚೆ ಆಗ್ಬೇಕಿತ್ತು.”

ವಕೀಲರು ಕೂತುಕೊಂಡರು. ಒಂಬತ್ತು ಸಾಲಿನ ಪ್ರತಿಯನ್ನು ಅಧಿಕಾರಿ ತಿರುಗಿಸಿ ತಿರುಗಿಸಿ ನೋಡಿದರು, ಬಂದ ಹೊತ್ತನ್ನು ಬರೆದುಕೊಂಡರು. ‘ಸಹೋದ್ಯೋಗಿಗಳು ತಿಳಿಸಿದರು’ ಅನ್ನುವ ಕಡೆ ಬೆರಳಿಟ್ಟು, “ಇವರು ಯಾರು?” ಅಂದರು. ಬಾಗಿಲ ಹತ್ತಿರ, ತಮ್ಮ ಕಡೆಯ ಸಾಕ್ಷಿಗೆಂದು ಲಾಂಡ್ರಿಯವರೇ ಕರೆತಂದಿದ್ದ ಮೂವರು ಕೆಲಸದ ಹೆಂಗಸರು ನಿಂತಿದ್ದರು. ಆಮೇಲೆ ಅವರಲ್ಲಿ ಎಲ್ಲರಿಗಿಂತ ಹಿರಿಯಾಕೆ, “ಅದರಲ್ಲಿ ಒಬ್ಬಳು ನಾನೇ. ತಂತಿ ಕಟ್ಟುವಾಗ ಏಣಿ ಹಿಡ್ಕೊಂಡಿದ್ದೆ” ಅಂದರು. ಮ್ಯಾನೇಜರ್ ಆಕೆಯ ಕಡೆ ತಿರುಗಿದ. ಆಕೆ ಅವನ ಕಡೆ ನೋಡಲೇ ಇಲ್ಲ.

ತೀರ್ಪು ಆಮೇಲೆ ಕಳಿಸುತ್ತೇವೆ ಅಂತ ಎಲ್ಲರನ್ನೂ ಹೊರಗೆ ಕಳಿಸಿದರು. ಮೊಗಸಾಲೆಯಲ್ಲಿ ಆ ತಾಯಿ ನನ್ನ ಎದುರು ಬಂದು ನಿಂತರು. ಬೈಯುತ್ತಾರೆ ಅಂದುಕೊಂಡು ತಯಾರಾಗಿದ್ದೆ. “ಆ ಮೂರು ಸಾಲು ತೆಗೆದಿದ್ದಕ್ಕೆ ನಿಮಗೆ ಎಷ್ಟು ಜಾಗ ಸಿಕ್ತು?” ಅಂತ ಕೇಳಿದರು. ವ್ಯಂಗ್ಯ ಅಲ್ಲ, ನಿಜವಾಗಿ ತಿಳಿದುಕೊಳ್ಳುವುದಕ್ಕೆ ಕೇಳಿದ್ದು. ನಾನು ಹೆಬ್ಬೆರಳು ತೋರುಬೆರಳಿನ ನಡುವೆ ಅಳತೆ ಮಾಡಿ ತೋರಿಸಿದೆ. ಅರ್ಧ ಅಂಗುಲವೂ ಇಲ್ಲ. ಆಕೆ ಹತ್ತಿರ ಬಗ್ಗಿ ಆ ಸಂದಿಯನ್ನು ನೋಡಿದರು.

“ಇಷ್ಟೇನಾ?”

“ಇಷ್ಟೇ.”

ಆಮೇಲೆ, “ಎಷ್ಟೊತ್ತಿಗೆ ಹೊರಟಿದ್ರೋ. ಏನಾದ್ರೂ ತಿಂದ್ರಾ?” ಅಂದರು. ಹುಡುಗಿ ಮಾತ್ರ ನನ್ನ ಜೊತೆ ಮಾತಾಡಲಿಲ್ಲ. ಗೇಟಿನ ಹತ್ತಿರ ನಿನ್ನ ರಜೆಯ ವಿಷಯ ಹೇಳಿದ್ದೊಂದೇ. ಅದನ್ನೂ ಗೋಡೆಗೆ ಹೇಳಿದ ಹಾಗೆ ಹೇಳಿದಳು.

ನಿನ್ನೆಯಿಂದ ನನ್ನನ್ನು ಸುದ್ದಿಯ ಮೇಜಿನಿಂದ ತೆಗೆದು ಜಾಹೀರಾತಿನ ಕರಡು ತಿದ್ದುವುದಕ್ಕೆ ಹಾಕಿದ್ದಾರೆ. ಮನೆ ಬಾಡಿಗೆಗೆ ಇದೆ, ಹಳೆ ಸೋಫಾ ಮಾರಾಟಕ್ಕಿದೆ. ನೀನು ಮರುಕ ಪಡಬೇಡ.

ಅಕ್ಕ

ಸೆಪ್ಟೆಂಬರ್ ೨೯

ಅಕ್ಕಾ,

ಆದೇಶ ಬಂತು. ಕೈ ಪೂರ್ತಿ ವಾಸಿಯಾಗುವವರೆಗೆ ಚಿಕಿತ್ಸೆ ಲಾಂಡ್ರಿಯವರದೇ ಹೊಣೆ. ಎಲ್ಲ ಯಂತ್ರಗಳಿಗೂ ತಡೆಪಟ್ಟಿ ಇರಬೇಕು, ತಿಂಗಳಿಗೊಮ್ಮೆ ಬಂದು ನೋಡುತ್ತಾರಂತೆ. ಮ್ಯಾನೇಜರ್ ಮೇಲ್ಮನವಿ ಹಾಕುತ್ತೇನೆ ಅಂತ ಓಡಾಡುತ್ತಿದ್ದಾನೆ, ನೋಡೋಣ. ಏಣಿ ಹಿಡಿದ ಹಿರಿಯಾಕೆಯನ್ನು ಬೇರೆ ಪಾಳಿಗೆ ಹಾಕಿದ್ದಾರೆ, ಕೆಲಸದಿಂದ ತೆಗೆದಿಲ್ಲ. ಮೊದಲ ಆಪರೇಷನ್ ಆಯಿತು. ಎರಡು ಬೆರಳು ಇನ್ನು ಮಡಚುವುದಿಲ್ಲ ಅಂದಿದ್ದಾರೆ ಡಾಕ್ಟರು. ಅದಕ್ಕೆ ಯಾವ ತಿದ್ದುಪಡಿಯೂ ಇಲ್ಲ.

ಆದೇಶ ಬಂದದ್ದನ್ನು ಕೇಳಿ ದೊಡ್ಡ ಮೇಡಂ ನನ್ನನ್ನು ಮತ್ತೆ ಕರೆಸಿದರು. ಬೀರುವಿನ ಬೀಗ ತೆಗೆದು ತುಣುಕುಗಳನ್ನು ಮೇಜಿನ ಮೇಲೆ ಇಟ್ಟು, “ವಾರಕ್ಕೊಂದು ಪಿರಿಯಡ್ಡು ಮಾತ್ರ. ಮತ್ತೆ ನಾನೂ ಬಂದು ಕೂರ್ತೀನಿ” ಅಂದರು. ಬಂದೂ ಬಿಟ್ಟರು. ಹತ್ತು ನಿಮಿಷ ಗಂಭೀರವಾಗಿ ಕೂತಿದ್ದವರು ಹನ್ನೊಂದನೇ ನಿಮಿಷಕ್ಕೆ ಬಸ್ ದರದ ತಲೆಬರಹದ ಬಗ್ಗೆ ಕೈ ಎತ್ತಿ ಜಗಳಕ್ಕೆ ನಿಂತರು. ಮಕ್ಕಳಿಗೆ ಹಬ್ಬ.

ಲಾಂಡ್ರಿ ಕೆಲಸ ಬಿಟ್ಟು ಲಾಯರಮ್ಮ ಈ ಸೋಮವಾರ ಶಾಲೆಗೆ ಬಂದಳು. ಏಳು ವಾರದ ಪಾಠ ಬಾಕಿ. ಹಾಜರಿ ಕರೆದಾಗ “ಇದ್ದೀನಿ” ಅಂದಳು, ಉಳಿದವರು ಡೆಸ್ಕು ಬಡಿದರು. ಅವಳು ನಗಲಿಲ್ಲ. ಪಾಠ ಶುರು ಮಾಡುವ ಮೊದಲು ನಾನು ಇಡೀ ತರಗತಿಗೆ ಹೇಳಿದೆ: ಜುಲೈನಲ್ಲಿ ಆ ಸುದ್ದಿಯನ್ನು ಮಾದರಿ ಅಂದವನು ನಾನು, ಯೋಚಿಸದೆ ಹೇಳಿದೆ, ಅದನ್ನು ಬರೆದ ನನ್ನ ಅಕ್ಕ ನನ್ನ ಕಣ್ಣಿಗೆ ಯಾವತ್ತೂ ತಪ್ಪು ಮಾಡದವಳಾಗಿದ್ದಳು, ಅದಕ್ಕೇ ನೋಡಲಿಲ್ಲ ಅಂತ.

ಪಿರಿಯಡ್ಡು ಮುಗಿದು ಎಲ್ಲರೂ ಹೊರಗೆ ಓಡಿದ ಮೇಲೆ ಅವಳು ಹಿಂದೆ ಉಳಿದಳು. ಪುಸ್ತಕ ಚೀಲಕ್ಕೆ ಹಾಕುತ್ತಾ, ನನ್ನ ಕಡೆ ನೋಡದೆ ಕೇಳಿದಳು.

“ನಿಮ್ಮಕ್ಕನ್ನ ಬೇರೆ ಕೆಲಸಕ್ಕೆ ಹಾಕಿದಾರಂತೆ?”

“ಹೌದು.”

“ಅವರು ಬರ್ತಾರೆ ಅಂತ ನಾನು ಅಂದ್ಕೊಂಡಿರ್ಲಿಲ್ಲ.” ಚೀಲದ ಜಿಪ್ಪು ಎಳೆದಳು, ಅದು ಸಿಕ್ಕಿಕೊಂಡಿತು, ಮತ್ತೆ ಎಳೆದಳು. “ಆದ್ರೂ ಸರ್, ಅವರ ಮೇಲೂ ನಿಮ್ಮ ಮೇಲೂ ನಂಗಿನ್ನೂ ಸಿಟ್ಟು ಹೋಗಿಲ್ಲ.”

“ಇರ್ಲಿ. ಹೋಗೋವರೆಗೂ ಇರ್ಲಿ.”

“ಅಲ್ಲೀವರೆಗೂ ನಾನು ಮೊದಲನೇ ಬೆಂಚಲ್ಲಿ ಕೂರ್ತೀನಿ. ನೀವು ಬೋರ್ಡ್ ಮೇಲೆ ಏನು ಬರೀತೀರೋ ನೋಡ್ತಿರ್ತೀನಿ.”

ಕೂತುಕೋ ಅಂದೆ. ಇವತ್ತು ಕೂತಿದ್ದಳು, ನನ್ನಿಂದ ಎರಡೇ ಅಡಿ ದೂರ. ಸೀಮೆಸುಣ್ಣ ಎತ್ತಿಕೊಂಡವನು ಒಂದೇ ಒಂದು ವಾಕ್ಯ ಬರೆಯುವುದಕ್ಕೆ ಮೂರು ಸಲ ಅಳಿಸಿದೆ ಅಕ್ಕಾ.

ನಿನ್ನ ತಮ್ಮ